ಅಮ್ಮ ಬಂದ ಕೂಡಲೇ ಮಗು ರಚ್ಚೆ ಹಿಡಿಯುತ್ತದೆ, ಅವರನ್ನು ಹೊರಗೆ ಕಳಿಸಬೇಕೆ?

ಹೊಸ_ಸಿಸ್ಟರ್:
ಮಕ್ಕಳ ವಾರ್ಡಿಗೆ ಹೊಸದಾಗಿ ಹಾಕಿದ್ದಾರೆ. ಡೆಂಗಿ, ನ್ಯುಮೋನಿಯಾ ಕೇಸುಗಳೇ ಹೆಚ್ಚು, ಮಕ್ಕಳು ಎರಡರಿಂದ ಆರು ವರ್ಷದವರು. ಅಮ್ಮ ಊಟಕ್ಕೆ ಹೋದಾಗ ತೆಪ್ಪಗೆ ಮಲಗಿದ್ದ ಮಗು ಅವರು ಬಂದ ಕೂಡಲೇ ಕಿರುಚಾಡಿ, ಅವರಿಗೇ ಹೊಡೆಯುತ್ತದೆ. ಡ್ರಿಪ್ಪಿಗೆಂದು ರಕ್ತನಾಳಕ್ಕೆ ಸಣ್ಣ ಕೊಳವೆ (ಕ್ಯಾನುಲಾ) ಹಾಕುವಾಗ ಮಗುವಿಗಿಂತ ಮೊದಲು ಅಮ್ಮಂದಿರೇ ಅಳುತ್ತಾರೆ. "ತಾಯಿನ ಆಚೆ ಕಳ್ಸಿ, ಎರಡು ನಿಮಿಷದ ಕೆಲಸ" ಅನ್ನುವುದು ಇಲ್ಲಿಯ ರೂಢಿ. ಇದು ಸರಿಯೇ?

ಮಕ್ಕಳ_ಮನಸ್ಸು:
ತೆಪ್ಪಗಿದ್ದರೆ ಸಮಾಧಾನವಾಗಿದೆ ಎಂದಲ್ಲ, ಸಿಸ್ಟರ್. ಆಸ್ಪತ್ರೆಯಲ್ಲಿ ಹೆತ್ತವರಿಲ್ಲದೆ ಇರಬೇಕಾದ ಪುಟ್ಟ ಮಕ್ಕಳನ್ನು 1950ರ ಸುಮಾರಿಗೆ ಲಂಡನ್ನಿನಲ್ಲಿ ಗಮನಿಸಿದ ಜೇಮ್ಸ್ ರಾಬರ್ಟ್‌ಸನ್ ಹೇಳಿದ್ದೂ ಇದನ್ನೇ. ಮಕ್ಕಳು ಮೊದಲು ಅತ್ತು ರಂಪ ಮಾಡುತ್ತಾರೆ, ಆಮೇಲೆ ಕುಗ್ಗಿ ಸುಮ್ಮನಾಗುತ್ತಾರೆ, ಕೊನೆಗೆ ಅಮ್ಮ ಬಂದರೂ ಮುಖ ತಿರುಗಿಸುತ್ತಾರೆ. ಆ ಎರಡನೆಯ ಹಂತ ನೋಡಿದವರು "ಮಗು ಹೊಂದಿಕೊಂಡಿತು" ಎಂದು ಮೋಸಹೋಗುತ್ತಾರೆ. ಹೆತ್ತವರನ್ನು ನಿರ್ಬಂಧವಿಲ್ಲದೆ ಒಳಗೆ ಬಿಡಿ ಎಂದು ಬ್ರಿಟನ್ನಿನ ಸರ್ಕಾರಿ ಸಮಿತಿಯೊಂದರ ಪ್ಲಾಟ್ ವರದಿ 1959ರಲ್ಲೇ ಶಿಫಾರಸು ಮಾಡಿತು.

ಅಷ್ಟು ಹೊತ್ತು ಅದುಮಿಟ್ಟುಕೊಂಡದ್ದು ಅಮ್ಮನ ಮುಖ ಕಂಡಾಗ ಹೊರಬರುತ್ತದೆ. ಹೊಡೆತ ಅವರಿಗೇ ಬೀಳುವುದು, ಏನು ಮಾಡಿದರೂ ಅಮ್ಮ ಬಿಟ್ಟುಹೋಗಲ್ಲ ಎಂಬ ಧೈರ್ಯಕ್ಕೆ. ಇದನ್ನು ತಾಯಿಗೆ ಬಿಡಿಸಿ ಹೇಳಿ. ಇಲ್ಲದಿದ್ದರೆ "ನನ್ನಿಂದಲೇ ಹೀಗಾಗ್ತಿದೆ" ಎಂದು ಕೊರಗುತ್ತಾರೆ. ಮೂರರಿಂದ ಆರು ವರ್ಷದ ಮಕ್ಕಳು ಕಾಯಿಲೆಯನ್ನು ತಮಗೆ ಕೊಟ್ಟ ಶಿಕ್ಷೆ ಎಂದುಕೊಳ್ಳುವುದುಂಟು. ಹಾಗಾಗಿ "ಊಟ ಮಾಡ್ದಿದ್ರೆ ಸಿಸ್ಟರ್ ಬಂದು ಚುಚ್ತಾರೆ" ಎಂಬ ಮಾತು ಅಜ್ಜಿಯ ಬಾಯಲ್ಲೂ ಬರಕೂಡದು.

ಹಳೇ_ಸಿಸ್ಟರ್:
ಆಚೆ ಕಳಿಸಬೇಡಿ, ಕೆಲಸ ಕೊಡಿ. ಸುಮ್ಮನೆ ನಿಂತು ನೋಡುವವರಿಗೇ ಅಳು ಜಾಸ್ತಿ.

ಕ್ಯಾನುಲಾ ತುರ್ತಿಲ್ಲದಿದ್ದರೆ ಡಾಕ್ಟರನ್ನು ಕೇಳಿ, ಚರ್ಮ ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಕ್ರೀಮನ್ನು ಕನಿಷ್ಠ 60 ನಿಮಿಷ ಮೊದಲೇ ದಪ್ಪಗೆ ಹಾಕಿ, ಮೇಲೆ ಪಾರದರ್ಶಕ ಪ್ಲಾಸ್ಟರ್ ಅಂಟಿಸಿ. ತೂಕಕ್ಕೆ ತಕ್ಕ ಮಿತಿಯೊಳಗೇ ಎರಡು ಜಾಗಕ್ಕೆ ಹಾಕಿಟ್ಟರೆ, ಒಂದು ಕಡೆ ರಕ್ತನಾಳ ಸಿಗದಿದ್ದಾಗ ಇನ್ನೊಂದಿರುತ್ತದೆ. ಇಪ್ಪತ್ತು ನಿಮಿಷಕ್ಕೇ ಚುಚ್ಚಿ "ಈ ಕ್ರೀಮ್ ಕೆಲಸ ಮಾಡಲ್ಲ" ಅನ್ನುವವರೇ ಹೆಚ್ಚು!

ಮಲಗಿಸಿ ನಾಲ್ಕು ಜನ ಅದುಮಿ ಹಿಡಿಯುವುದು ಬೇಡ. ಅಮ್ಮ ಕುರ್ಚಿಯಲ್ಲಿ ಕೂತು ಮಗುವನ್ನು ಎದೆಗೆ ಎದೆ ತಾಗುವಂತೆ ತೊಡೆಯ ಮೇಲೆ ಕೂರಿಸಿಕೊಳ್ಳಲಿ, ಮಗುವಿನ ಕಾಲು ಅವರ ಸೊಂಟದ ಎರಡೂ ಬದಿಗಿರಲಿ. ಚುಚ್ಚುವ ಕೈ ಅಮ್ಮನ ಕಂಕುಳಡಿಯಿಂದ ಬೆನ್ನ ಹಿಂದಕ್ಕೆ ಬರಬೇಕು. ಅಲ್ಲಿ ನೀವು, ಜೊತೆಗೆ ಮಗುವಿನ ಮೊಣಕೈ ಅಲ್ಲಾಡದಂತೆ ಹಿಡಿಯಲು ಇನ್ನೊಬ್ಬರು. ಮಗುವಿನ ಮುಖ ಮತ್ತೊಂದು ಭುಜದ ಕಡೆಗಿದ್ದರೆ ಅಲ್ಲಿ ಅಪ್ಪ ವಿಡಿಯೊ ತೋರಿಸಬಹುದು. ಇದನ್ನು ಮಗುವಿನ ಮಂಚದ ಮೇಲೆ ಮಾಡದೆ ಪ್ರೊಸೀಜರ್ ರೂಮಿನಲ್ಲಿ ಮಾಡಿ, ಇಲ್ಲದಿದ್ದರೆ ಮಂಚ ಕಂಡರೇ ಅಳು ಶುರುವಾಗುತ್ತದೆ.

"ಏನೂ ಆಗಲ್ಲ ಕಂದಾ, ಏನೂ ಆಗಲ್ಲ" ಎಂದು ಜಪಿಸಿದಷ್ಟೂ, ಏನೋ ಆಗಲಿದೆ ಎಂದು ಮಗುವಿಗೆ ಗುಮಾನಿ ಬರುತ್ತದೆ. ಅದರ ಬದಲು ಸೋಪಿನ ಗುಳ್ಳೆ ಊದಿಸಲಿ, ವಿಡಿಯೊದಲ್ಲಿ ಬಸ್ಸು ಎಲ್ಲಿ ಹೋಯ್ತು ಎಂದು ಕೇಳಲಿ. ಅಮ್ಮನಿಗೆ ತಲೆ ಸುತ್ತು ಬರುವಂತಿದ್ದರೆ ಅಪ್ಪನೋ ಚಿಕ್ಕಮ್ಮನೋ ಕೂರಲಿ, ಒತ್ತಾಯ ಬೇಡ.

ಮಕ್ಕಳ_ಡಾಕ್ಟರ್:
ಮೇಲಿನದೆಲ್ಲ ಸರಿ. ಆದರೆ ಕಿರಿಕಿರಿಯನ್ನೆಲ್ಲ ಹಟದ ಖಾತೆಗೆ ಬರೆಯಬೇಡಿ. ಉಸಿರಾಟ ಸರಾಗವಾಗಲು ಮಾಸ್ಕಿನ ಮೂಲಕ ಕೊಡುವ ಸಾಲ್ಬುಟಮಾಲ್ ನೆಬ್ಯುಲೈಸೇಶನ್ ಆದಮೇಲೆ ಕೈ ನಡುಕ, ಎದೆಬಡಿತ, ಚಡಪಡಿಕೆ ಇರಬಹುದು. ಸ್ಟಿರಾಯ್ಡ್‌ನಿಂದ ಸಿಟ್ಟು, ಹಸಿವು, ನಿದ್ದೆಗೇಡು ಬರುತ್ತವೆ. ದಿನಕ್ಕೊಂದೇ ಡೋಸ್ ಇದ್ದರೆ ಬೆಳಿಗ್ಗೆ ಕೊಡಬಹುದೇ ಎಂದು ವಿಚಾರಿಸಿ. ಡ್ರಿಪ್ ಹಾಕಿದಾಗಲೆಲ್ಲ ಅತ್ತರೆ ಕ್ಯಾನುಲಾ ಜಾಗ ಊದಿದೆಯೇ, ಕೆಂಪಾಗಿದೆಯೇ ನೋಡಿ.

ನ್ಯುಮೋನಿಯಾ ಮಗು ಇದ್ದಕ್ಕಿದ್ದಂತೆ ಒದ್ದಾಡಿದರೆ ಮೊದಲು ಆಕ್ಸಿಜನ್ ಮಟ್ಟ ಪರೀಕ್ಷಿಸಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗ ಚಡಪಡಿಕೆ ಅಥವಾ ಮಂಕು ಕಂಡರೆ, ಅದರಲ್ಲೂ ಹೊಟ್ಟೆನೋವು, ನಿಲ್ಲದ ವಾಂತಿ ಜೊತೆಗಿದ್ದರೆ, ತಕ್ಷಣ ಡಾಕ್ಟರನ್ನು ಕರೆಯಿರಿ. "ಇವನು ಯಾವತ್ತೂ ಹೀಗಿರಲ್ಲ" ಎಂದು ತಾಯಿ ಹೇಳಿದರೆ ಗಾಬರಿ ಎಂದು ತಳ್ಳಿಹಾಕದೆ ಕೇಸ್‌ಶೀಟಿನಲ್ಲಿ ಬರೆಯಿರಿ.

ಹೊಸ_ಸಿಸ್ಟರ್:
ಧನ್ಯವಾದ ಸರ್. ಇನ್ನೊಂದು ಪ್ರಶ್ನೆ. ಮಗು ನಿದ್ದೆ ಹೋದಾಗ ಅಮ್ಮ ಮೆಲ್ಲಗೆ ಜಾರಿಕೊಳ್ಳಬಹುದೇ? ಎಲ್ಲರೂ ಹಾಗೇ ಮಾಡುತ್ತಾರೆ.

ಮಕ್ಕಳ_ಮನಸ್ಸು:
ಬೇಡ. ಎದ್ದಾಗ ಅಮ್ಮ ಕಾಣದಿದ್ದರೆ ಮುಂದಿನ ಸಲ ಮಗು ನಿದ್ದೆಗೇ ಹೆದರುತ್ತದೆ. ಹೇಳಿಯೇ ಹೋಗಲಿ, ಅತ್ತರೂ ಪರವಾಗಿಲ್ಲ. ಗಡಿಯಾರದ ಲೆಕ್ಕ ಪುಟ್ಟ ಮಕ್ಕಳಿಗೆ ತಿಳಿಯದು. "ಸಂಜೆ ಹಾಲು ಬರೋ ಹೊತ್ತಿಗೆ ಬರ್ತೀನಿ" ಎಂದು ಹೇಳಿ, ತಮ್ಮ ದುಪಟ್ಟಾ ಮಗುವಿನ ಕೈಗೆ ಕೊಟ್ಟು, ಆ ಹೊತ್ತಿಗೆ ಬರಲೇಬೇಕು.

ಮನೆಗೆ ಹೋದಮೇಲೆ ಹಾಸಿಗೆ ಒದ್ದೆ ಮಾಡುವುದು, ಅಮ್ಮನ ಸೆರಗು ಬಿಡದಿರುವುದು, ರಾತ್ರಿ ಬೆಚ್ಚಿ ಏಳುವುದು ಕೆಲವು ವಾರ ಇರಬಹುದು ಎಂದು ಡಿಸ್ಚಾರ್ಜ್ ದಿನವೇ ತಿಳಿಸಿ. ಬೈಯುವುದು ಬೇಡ. ತಿಂಗಳಾದರೂ ಕಡಿಮೆಯಾಗದಿದ್ದರೆ ತೋರಿಸಲಿ. ತಾಯಿಗೇ ನಿದ್ದೆ ಬಾರದೆ, ಐಸಿಯು ದೃಶ್ಯಗಳು ಪದೇಪದೇ ಕಣ್ಮುಂದೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಂಬರನ್ನು ಡಿಸ್ಚಾರ್ಜ್ ಕಾಗದದ ಹಿಂದೆ ಬರೆದುಕೊಡಿ.