ಸನ್ನಿಯೂ ಅಲ್ಲ, ಬರೀ ಬೇಜಾರೂ ಅಲ್ಲ: ನಡುವಿನದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ?

ಗೆಳೆಯರೇ, ಒಂದು ಪದ ಬೇಕಾಗಿದೆ.

ಬಾಣಂತಿಯರಿಗಾಗಿ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಪತ್ರಿಕೆಗಳಲ್ಲಿ ಬರುವ 'ಪ್ರಸವಾನಂತರದ ಖಿನ್ನತೆ'ಯನ್ನೇ ಹಾಕಿದ್ದೆ. ಓದಿದ ಆಶಾ ಕಾರ್ಯಕರ್ತೆಯೊಬ್ಬರು "ಇದ್ಯಾವ ಕಾಯಿಲೆ ಮೇಡಂ?" ಅಂದರು. ವಿವರಿಸಿದೆ. "ಓ, ಸನ್ನಿನಾ?" ಅಂದರು.

ತೊಡಕು ಇರುವುದೇ ಅಲ್ಲಿ. 'ಸನ್ನಿ' ಬಂದದ್ದು 'ಸನ್ನಿಪಾತ'ದಿಂದ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳುವುದು ಅಂತ. ಜ್ವರ ನೆತ್ತಿಗೇರಿ ಬಡಬಡಿಸಿದರೂ ಸನ್ನಿಯೇ. 'ಬಾಣಂತಿ ಸನ್ನಿ' ಅಂದರೆ ನಿದ್ದೆಗೆಟ್ಟು, ಇಲ್ಲದ್ದು ಕಂಡು, ಮಗು ತನ್ನದಲ್ಲ ಅನ್ನುವ ಮಟ್ಟದ್ದು. ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕಾದದ್ದು. ತಾಯಿ ಮಗುವನ್ನು ಬೇರೆ ಮಾಡದೆ ನೋಡಿಕೊಳ್ಳುವ ವಾರ್ಡು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ('ಬಾಣಂತಿ ನಂಜು' ಬೇರೆ, ಅದು ಮೈಯದ್ದು. ಎರಡನ್ನೂ ಬೆರೆಸುವವರು ಜಾಸ್ತಿ.)

ಇನ್ನೊಂದು ತುದಿಯಲ್ಲಿ ಮೂರನೇ ನಾಲ್ಕನೇ ದಿನದ ಸುಮ್ನೆ ಬರುವ ಅಳು. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಇವೆರಡರ ನಡುವೆ ತಿಂಗಳುಗಟ್ಟಲೆ ಎಳೆಯುವುದಿದೆಯಲ್ಲ, ಅದಕ್ಕೇ ನನ್ನಲ್ಲಿ ಮಾತಿಲ್ಲ. 'ಮಂಕು' ಹತ್ತಿರ ಬರುತ್ತದೆ, ಆದರೆ 'ಮಂಕು ಮುಂಡೇದು' ಅಂತ ಬೈಗುಳವೂ ಹೌದು. ಬಾಣಂತಿಗೆ ಅದನ್ನು ಅಂಟಿಸಲು ಮನಸ್ಸಿಲ್ಲ.

ನನ್ನ ತಂಗಿಯ ಬಾಣಂತನ ನೆನಪಾಗುತ್ತದೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಕೋಣೆ ತುಂಬ ಸಾಂಬ್ರಾಣಿ ಹೊಗೆ. "ಬಾಣಂತಿಗೆ ನೀರು ಕಾಯ್ತಾ?", "ಬಾಣಂತಿ ಊಟ ಆಯ್ತಾ?" ಹೇಗಿದೀಯೇ ಅಂತ ಕೇಳಿದರೆ "ಪಾಪು ಚೆನ್ನಾಗಿದೆ" ಅಂದಳು. ಆಮೇಲೆ ಮೆಲ್ಲಗೆ, "ಅಕ್ಕ, ನನ್ನ ಹೆಸರು ಹಿಡಿದು ಯಾರೂ ಕರೆದಿಲ್ಲ ಕಣೇ, ಹದಿನೈದು ದಿನ ಆಯ್ತು." ತೆಲುಗಿನ 'ಬಾಲಿಂತ', ಮರಾಠಿಯ 'ಬಾಳಂತೀಣ' ನೋಡಿ. ಅಲ್ಲೆಲ್ಲ ಪದದ ಮುಂಭಾಗದಲ್ಲೇ ('ಬಾಲ', 'ಬಾಳ' ಅಂತ) ಮಗು ಕೂತಿರುವ ಹಾಗೆ ಕಾಣುತ್ತದೆ. ನಮ್ಮ ಬಾಣಂತಿಯೂ ಅದೇ ನೆಂಟಸ್ತಿಕೆಯದ್ದಾ? ಬಲ್ಲವರು ಹೇಳಿ.

ಇದಕ್ಕೆ ಸೇರಿದ್ದೇ ಎರಡನೇ ಪ್ರಶ್ನೆ. ಹುಡುಗಿ ಹೆಂಗಸಾಗುವುದಕ್ಕೆ 'ಮೈನೆರೆಯುವುದು' ಇದೆ. ಹೆಂಗಸು ತಾಯಿಯಾಗುವಾಗ ಒಳಗೆ ಆಗುವ ಅಷ್ಟೇ ದೊಡ್ಡ ಬದಲಾವಣೆಗೆ ಡಾನಾ ರಾಫೆಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ 'ಮ್ಯಾಟ್ರೆಸೆನ್ಸ್' ಎಂಬ ಪದ ಕಟ್ಟಿದರು. 'ತಾಯ್ತನ' ಆಗದು, ಅದು ಆಗಿ ಮುಗಿದ ಸ್ಥಿತಿ. 'ತಾಯ್ನೆರೆತ' ಅಂದರೆ ಹೇಗೆ? ನೆರೆ ಅಂದರೆ ಪ್ರವಾಹವೂ ಹೌದು, ಬಿಳಿಗೂದಲೂ ಹೌದು ಅಂತ ನೀವು ನಗಬಹುದು. ಹೆತ್ತವರು ಎರಡನ್ನೂ ಒಪ್ಪುತ್ತಾರೆ, ಬಿಡಿ.

ಈ ಖಿನ್ನತೆಯನ್ನು ಗುರುತಿಸಲು ಡಾಕ್ಟರುಗಳು ಬಳಸುವ ಎಡಿನ್‌ಬರೋ ಪ್ರಶ್ನಾವಳಿ (1987ರದ್ದು, ಕನ್ನಡದಲ್ಲೂ ಇದೆ) ತನ್ನ ಪ್ರಶ್ನೆಗಳಲ್ಲಿ ಕಾಯಿಲೆಯ ಹೆಸರನ್ನೇ ಎತ್ತುವುದಿಲ್ಲ. ಹತ್ತೇ ಪ್ರಶ್ನೆ. ಹೋದ ಏಳು ದಿನದಲ್ಲಿ ನಗಲು ಆಯಿತಾ, ಸುಮ್ಮಸುಮ್ಮನೆ ನಿಮ್ಮನ್ನೇ ದೂರಿಕೊಂಡಿರಾ, ಹೀಗೆ. ಹಾಗಾದರೆ ಹೆಸರೇ ಬೇಡವೇನೋ ಅಂತಲೂ ಅನ್ನಿಸಿದೆ. ಆದರೆ ಹೆಸರಿಲ್ಲದ್ದನ್ನು ಗಂಡನಿಗೋ ಅತ್ತೆಗೋ ಹೇಳುವುದು ಹೇಗೆ?

ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ನಿಮ್ಮ ಮನೆಮಾತು ಬರೆಯಿರಿ. ಅಜ್ಜಿಯನ್ನು ಕೇಳುವುದಾದರೆ 'ಸನ್ನಿ' ಅಂತ ಶುರು ಮಾಡಬೇಡಿ, ಬಿಡ್ತು ಅನ್ನು ಅಂತ ಮಾತು ಮುಗಿಸಿಬಿಡುತ್ತಾರೆ. "ನಿಂಗೆ ಮೊದಲ ಹೆರಿಗೆ ಆದಾಗ ಹೇಗಿತ್ತಜ್ಜಿ?" ಅಂತ ಕೇಳಿ.