ಬೀಚಲ್ಲಿ ಅಂಗಡಿ ಇಟ್ಟವ್ರು ಯಾರಾದ್ರೂ ಇದ್ದೀರಾ? ಮರೆಯಕ್ಕಾಗದ ಗಿರಾಕಿಗಳ ಬಗ್ಗೆ ಹೇಳಿ

ಗೂಡಂಗಡಿ_ಮಲ್ಪೆ:
ಎಲ್ರಿಗೂ ನಮಸ್ಕಾರ. ನಮ್ದು ಮಲ್ಪೆ ಬೀಚಲ್ಲಿ ಸಣ್ಣ ಗೂಡಂಗಡಿ ಉಂಟು, ಚರ್ಮುರಿ, ಗೋಲಿ ಸೋಡಾ, ಪುನರ್ಪುಳಿ ಶರಬತ್ತು, ಬೊಂಡ (ಎಳನೀರು) ಇಷ್ಟೇ. ಅಪ್ಪ ನೋಡ್ಕೊಳ್ತಾರೆ, ರಜೆಯಲ್ಲಿ ನಾನೂ ನಿಲ್ತೇನೆ. ಉಡುಪಿ ಮಠಕ್ಕೆ ಬಂದ ಟೂರ್ ಬಸ್ಸುಗಳೆಲ್ಲ ದರ್ಶನ ಮುಗಿಸಿ ಸೀದಾ ಮಲ್ಪೆಗೇ ಬರುದು, ಹಾಗಾಗಿ ಘಟ್ಟದ ಮೇಲಿನವ್ರು ಸುಮಾರು ಜನ, ಅದ್ರಲ್ಲಿ ಎಷ್ಟೋ ಜನ ಸಮುದ್ರ ನೋಡುದೇ ಮೊದಲ ಸಲ.

ಒಬ್ರು ಅಜ್ಜ ಬಂದಿದ್ರು ಹುನಗುಂದದ ಕಡೆಯವ್ರು, ತಲೆಗೆ ದೊಡ್ಡ ರುಮಾಲು, ಧೋತ್ರ ಮೊಣಕಾಲ ತನಕ ಒದ್ದೆ. ಬಂದವ್ರು ಏನೂ ಕೇಳ್ಲಿಲ್ಲ, ಅಂಗಡಿ ಎದುರು ನಿಂತು ಸಮುದ್ರ ನೋಡ್ತಾ ನೋಡ್ತಾ ಅಪ್ಪನತ್ರ "ತಮ್ಮಾ, ಇಷ್ಟ್ ನೀರ್ ಐತಿ, ಒಂದ್ ಎಕರೆ ಜ್ವಾಳಕ್ಕೂ ಬರೂದಿಲ್ಲಲ್ಲೋ" ಅಂದ್ರು. ಮಳೆ ನಂಬಿ ಬಿತ್ತುವ ಊರಿನವ್ರು ಅಲ್ವಾ, ಅವ್ರಿಗೆ ಅದು ನಿಜವಾದ ಸಂಕಟ. ಆಮೇಲೆ ಒಂದು ಖಾಲಿ ಬಾಟ್ಲಿ ಕೇಳಿದ್ರು, ಹೆಂಡ್ತಿಗೆ ಮೊಣಕಾಲು ನೋವು, ಬರ್ಲಿಕ್ಕೆ ಆಗ್ಲಿಲ್ಲ, ಅವ್ರಿಗೆ ಸಮುದ್ರದ ನೀರು ತೋರಿಸ್ಬೇಕಂತೆ. ಅಪ್ಪ ಬಾಟ್ಲಿ ತೊಳ್ದು, ದಡದ ಹತ್ರ ಬರೀ ಹೊಯ್ಗೆ ಬರ್ತದೆ ಅಂತ ಹೇಳಿ ಅಂಗಡಿ ನನ್ನ ಕೈಗೆ ಬಿಟ್ಟು ತಾವೇ ಸೊಂಟದ ತನಕ ನೀರಿಗೆ ಇಳ್ದು ತುಂಬಿಸ್ಕೊಂಡು ಬಂದ್ರು. ಅಜ್ಜ ಬಾಟ್ಲಿಯನ್ನ ಬಿಸಿಲಿಗೆ ಹಿಡ್ದು ನೋಡಿ "ಇದು ನೀಲಿ ಇಲ್ಲಲ್ಲೋ" ಅಂತ ಕೇಳಿದ್ರು ಮಾರಾಯ್ರೇ, ಮುಖದಲ್ಲಿ ಅಷ್ಟು ಬೇಜಾರು. ಮನೆಯಲ್ಲಿ ಅಜ್ಜಿ ನಂಬ್ತಾರೋ ಇಲ್ವೋ ಅಂತ ಚಿಂತೆ ಅವ್ರಿಗೆ. ಅಪ್ಪ ಹೇಳಿದ್ರು, ನಾಲಿಗೆಗೆ ಒಂದು ಹನಿ ಹಾಕಿ ಅಜ್ಜಾ, ಉಪ್ಪು ಗೊತ್ತಾದ್ರೆ ಖಂಡಿತ ನಂಬ್ತಾರೆ ಅಂತ.

ನಿಮ್ಗೂ ಇಂಥವ್ರು ಸಿಕ್ಕಿರ್ಬೇಕಲ್ಲ? ಗಲಾಟೆ ಮಾಡಿದವ್ರ ಕತೆ ಬೇಡ, ಅದು ಎಲ್ಲಾ ಕಡೆ ಇದ್ದದ್ದೇ. ನೆನಪಲ್ಲಿ ಉಳ್ದವ್ರ ಬಗ್ಗೆ ಬರೀರಿ.

ಕುಡ್ಲೆ_ದಂಡೆ:
ನಮ್ಮ ಮಾವನ ಅಂಗಡಿ ಗೋಕರ್ಣದಲ್ಲಿ, ಕುಡ್ಲೆ ಬೀಚ್ ಬದಿಗೆ. ಮಳೆಗಾಲ ಶುರುವಾಗೋ ಮೊದ್ಲು ಅಂಗಡಿಯ ಮಡಲಿನ ತಟ್ಟಿ, ಬಿದಿರು ಎಲ್ಲಾ ಬಿಚ್ಚಿ ಇಡೋದು, ಮಳೆ ಮುಗಿದ ಮೇಲೆ ಮತ್ತೆ ಕಟ್ಟೋದು. ಅಲ್ಲಿಗೆ ಇಸ್ರೇಲಿನ ಹುಡುಗ್ರು ತುಂಬಾ ಬರ್ತಾರೆ, ಆರ್ಮಿ ಸರ್ವಿಸ್ ಮುಗ್ಸಿ ತಿಂಗಳುಗಟ್ಟಲೆ ತಿರುಗೋಕೆ ಹೊರಟವ್ರು. ಅವ್ರಲ್ಲಿ ಒಬ್ಬ ಪ್ರತಿ ಶುಕ್ರವಾರ ಹೊತ್ತು ಮುಳುಗೋಕೆ ಮೊದ್ಲೇ ಬಂದು ಶನಿವಾರದ ಬಾಳೆಹಣ್ಣು, ಎಳನೀರಿನ ದುಡ್ಡು ಕೊಟ್ಟು ಹೋಗ್ತಿದ್ದ. ಮಾವಂಗೆ ತಲೆಬುಡ ಗೊತ್ತಾಗ್ಲಿಲ್ಲ, ನಾಳೆ ತಗೊಳ್ಳೋದಕ್ಕೆ ಇವತ್ತೇ ಯಾಕೆ ದುಡ್ಡು ಅಂತ. ಕೇಳಿದ್ರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿ ತನಕ ಅವ್ರಲ್ಲಿ ಸಬ್ಬತ್, ಕೆಲಸ ಇಲ್ಲ, ಬೆಂಕಿ ಹಚ್ಚೋ ಹಾಗಿಲ್ಲ, ದುಡ್ಡು ಮುಟ್ಟೋ ಹಾಗೂ ಇಲ್ಲ. ಮಾವಂಗೆ ಕೂಡ್ಲೇ ಅರ್ಥ ಆಯ್ತು, ನಮ್ಮನೇಲೂ ಶುಕ್ರವಾರ ಮುಸ್ಸಂಜೆ ಮೇಲೆ ಯಾರಿಗೂ ದುಡ್ಡು ಕೊಡೋದಿಲ್ವಲ್ಲ. ಆಮೇಲೆ ಶುಕ್ರವಾರ ಅವ್ನು ಬರೋದು ತಡ ಆದ್ರೆ ಮಾವನೇ ಅವ್ನ ರೂಮಿನ ಕಡೆ ಹೋಗಿ ನೆನಪು ಮಾಡಿ ಬರ್ತಿದ್ದ, ಹೊತ್ತು ಮುಳುಗ್ತಾ ಬಂತು ಮಾರಾಯಾ ಅಂತ. ಅಚ್ಚ ಕನ್ನಡದಲ್ಲೇ. ಆ ಹುಡುಗ ಊರಿಗೆ ಹೋಗುವಾಗ ಮಾವಂಗೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ, ಅದನ್ನ ಯಾರು ಕಲಿಸಿದ್ರೋ.

ಪಣಂಬೂರು_ಅಕ್ಕ:
ಅಜ್ಜನ ಕತೆ ಓದಿ ಕಣ್ಣು ತುಂಬಿತು. ನಂದೂ ಒಂದು. ನಾನು ಪಣಂಬೂರಲ್ಲಿ ಕೆಲವು ವರ್ಷ ಗಾಡಿ ಇಟ್ಟಿದ್ದೆ, ಮಾವಿನಕಾಯಿ, ಅನಾನಸು, ಮುಳ್ಳುಸೌತೆ ಎಲ್ಲ ಕೊಯ್ದು ಉಪ್ಪು ಮೆಣಸಿನಪುಡಿ ಹಾಕಿ ಕೊಡುದು. ಬಂದರು ಪಕ್ಕದಲ್ಲೇ ಅಲ್ವಾ, ಹಡಗಿನವ್ರು ಸಂಜೆ ತಿರುಗ್ಲಿಕ್ಕೆ ಬರ್ತಿದ್ರು. ಒಮ್ಮೆ ಫಿಲಿಪೈನ್ಸಿನವ ಒಬ್ಬ ಮಾವಿನಕಾಯಿ ನೋಡಿದವ್ನೇ ನಿಂತ. ಒಂದು ತುಂಡು ತಿಂದು, ಅವ್ರ ಊರಲ್ಲೂ ಹಸಿ ಮಾವಿನಕಾಯಿ ಹೀಗೇ ರಸ್ತೆ ಬದಿ ಮಾರ್ತಾರೆ, ಆದ್ರೆ ಮೇಲಿಂದ ಉಪ್ಪಲ್ಲಿ ಹುದುಗು ಬರಿಸಿದ ಸಿಗಡಿ ಪೇಸ್ಟ್ ಸವರಿ ಕೊಡ್ತಾರೆ ಅಂತ ಅರ್ಧ ಇಂಗ್ಲಿಷ್ ಅರ್ಧ ಕೈಸನ್ನೆಯಲ್ಲಿ ಹೇಳಿದ. ನನ್ನ ಬುತ್ತಿಯಲ್ಲಿ ಗಂಜಿಗೆ ಅಂತ ತಂದ ಒಣ ಎಟ್ಟಿ (ಸಿಗಡಿ) ಚಟ್ನಿ ಇತ್ತು, ಸ್ವಲ್ಪ ತೆಗ್ದು ಮಾವಿನಕಾಯಿ ಮೇಲೆ ಇಟ್ಟು ಕೊಟ್ಟೆ. ಬಾಯಿಗೆ ಹಾಕಿದವ್ನು ಮಾತೇ ಆಡ್ಲಿಲ್ಲ, ಫೋನ್ ತೆಗ್ದು ಮನೆಗೆ ವಿಡಿಯೋ ಕಾಲ್ ಮಾಡಿದ, ಮೊದ್ಲು ಮಾವಿನಕಾಯಿ ತೋರಿಸಿದ, ಆಮೇಲೆ ಚಟ್ನಿ ಡಬ್ಬಿ, ಆಮೇಲೆ ನನ್ನನ್ನು. ಆ ಕಡೆಯಿಂದ ಅವ್ನ ಅಮ್ಮ ಕೈ ಮುಗಿದ್ರು, ನಾನೂ ಕೈ ಮುಗಿದೆ. ಮರುದಿನ ಇನ್ನೂ ನಾಲ್ಕು ಜನರನ್ನ ಕರ್ಕೊಂಡು ಬಂದಿದ್ದ, ಡಬ್ಬಿ ಖಾಲಿ ಮಾಡಿ ಹೋದ್ರು. ವರ್ಷದಲ್ಲಿ ಮುಕ್ಕಾಲು ಭಾಗ ನೀರ ಮೇಲೆ ಇರುವವ್ರು ಅವ್ರು, ಮನೆ ರುಚಿ ಸಿಕ್ಕಿದ್ರೆ ಹೇಗಾಗ್ಬೇಡ ಹೇಳಿ.

ಹೆಜಮಾಡಿ_ಗಾಳಿ:
ನಮ್ಮಲ್ಲಿ ಬೆಳಿಗ್ಗೆ ಗಿರಾಕಿ ಅಂದ್ರೆ ದಡದಲ್ಲಿ ನಿಂತು ಕೈರಂಪಣಿ ಮೀನು ಬಲೆ ಎಳೆಯುವವ್ರು, ಜೇಬಲ್ಲಿ ದುಡ್ಡು ಇಟ್ಕೊಂಡು ನೀರಿಗೆ ಇಳೀಲಿಕ್ಕೆ ಆಗ್ತದಾ, ಚಾ ಕುಡ್ದ ಬಾಬ್ತು ಬೂತಾಯಿ ಮೀನು ಕೊಡ್ತಿದ್ರು. ಅವ್ರಲ್ಲೊಬ್ರು ಪ್ರಾಯ ಆದವ್ರು, ಚಾ ಮುಟ್ಟುದಿಲ್ಲ, ಶುಂಠಿ ಸೋಡಾ ಮಾತ್ರ. ನೀರಿನ ಬಣ್ಣ ನೋಡಿ "ಇವತ್ತು ಮಧ್ಯಾಹ್ನ ಗಾಳಿ ಜೋರುಂಟು, ಮಂಡಕ್ಕಿ ಡಬ್ಬಿ ಮುಚ್ಚಳ ತೆಗೀಬೇಡ" ಅಂತ ಹೇಳಿ ಹೋಗ್ತಿದ್ರು. ಅಂಗಡಿ ಇಟ್ಟವ್ರಿಗೆ ಗೊತ್ತು, ಆ ತೇವದ ಗಾಳಿಗೆ ಮಂಡಕ್ಕಿ ಅರ್ಧ ಗಂಟೆಲಿ ಮೆತ್ತಗಾಗ್ತದೆ, ಮತ್ತೆ ಚರ್ಮುರಿ ಯಾರು ತಿಂತಾರೆ. ಅವ್ರು ಹೇಳಿದ್ದು ತಪ್ಪಿದ್ದು ನನಗೆ ನೆನಪಿಲ್ಲ.

ಗೂಡಂಗಡಿ_ಮಲ್ಪೆ:
ಒಬ್ಬೊಬ್ರದ್ದೂ ಅಪ್ಪನಿಗೆ ಓದಿ ಹೇಳಿದೆ. ಶುಂಠಿ ಸೋಡಾದವ್ರು ನಮ್ಗೂ ಒಬ್ರು ಬೇಕಿತ್ತು ಅಂದ್ರು. ಪಣಂಬೂರು ಅಕ್ಕಾ, ಆ ಚಟ್ನಿ ಮಾಡುದು ಹೇಗೆ, ಮಾವಿನಕಾಯಿ ಜೊತೆ ನಾವೂ ಇಡುವ ಅಂತ ಅಪ್ಪ ಕೇಳ್ತಿದ್ದಾರೆ.

ಪಣಂಬೂರು_ಅಕ್ಕ:
ಸುಲಭ ಉಂಟು. ಒಣ ಎಟ್ಟಿಯ ತಲೆ ಬಾಲ ತೆಗ್ದು ಎಣ್ಣೆ ಹಾಕದೆ ಗರಿಗರಿ ಹುರೀರಿ. ಬ್ಯಾಡಗಿ ಮೆಣಸು ಬೇರೆ ಹುರ್ಕೊಂಡು, ತೆಂಗಿನಕಾಯಿ, ಸ್ವಲ್ಪ ಹುಣಸೆಹುಳಿ, ಉಪ್ಪು ಹಾಕಿ ನೀರು ಮುಟ್ಟಿಸದೆ ತರಿತರಿ ಅರೀರಿ, ಕೊನೆಗೆ ನೀರುಳ್ಳಿ, ಎಟ್ಟಿ ಹಾಕಿ ಒಂದು ಸುತ್ತು ತಿರುಗಿಸಿದ್ರೆ ಸಾಕು. ಮಾವಿನಕಾಯಿಗೆ ಆದ್ರೆ ಹುಳಿ ಬೇಡ. ಕಾಯಿ ಹಾಕಿದ್ದು ಸಂಜೆ ಮೇಲೆ ಇಡ್ಬೇಡಿ, ಆ ಸೆಕೆಗೆ ಹಳಸ್ತದೆ. ಮತ್ತೆ ಮಠದಿಂದ ಬಂದವ್ರಲ್ಲಿ ಮೀನು ತಿನ್ನದವ್ರು ಇರ್ತಾರೆ, ಚೂರಿ, ಹಲಗೆ ಎರಡೂ ಬೇರೆ ಇಡ್ಲಿಕ್ಕೆ ಅಪ್ಪನಿಗೆ ಹೇಳಿ.