ವೈಲ್ಡರ್‌ನೆಸ್ ಮೆಡಿಸಿನ್‌ಗೆ ‘ನಟ್ಟಡವಿ ವೈದ್ಯ’ ಅನ್ನಬಹುದಾ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲಿ ವೈಲ್ಡರ್‌ನೆಸ್ ಮೆಡಿಸಿನ್ ಕಲಿಯುವ ವಿದ್ಯಾರ್ಥಿ ಸಂಘಗಳಿವೆ. ಅವುಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಒಳಗಿನ ವಿಷಯವೆಲ್ಲ ಸಲೀಸಾಗಿ ಬಂತು, ಹೆಸರೇ ಸರಿಯಾಗಿ ಕೂರುತ್ತಿಲ್ಲ.

ಮೊದಲು ಅದೇನು ಅಂತ ಹೇಳಿಬಿಡುತ್ತೇನೆ. ಆಸ್ಪತ್ರೆ ದೂರ. ಆಂಬುಲೆನ್ಸ್ ಬರುವ ಹಾಗಿಲ್ಲ. ಇರುವುದು ಬೆನ್ನಿನ ಚೀಲದಲ್ಲಿ ತುಂಬಿಕೊಂಡು ಬಂದಷ್ಟೇ. ಅಂಥ ಕಡೆ ಬಿದ್ದವರನ್ನು, ಕಡಿಸಿಕೊಂಡವರನ್ನು, ಚಳಿಗೆ ಮರಗಟ್ಟಿದವರನ್ನು ನೋಡಿಕೊಳ್ಳುವ ವಿದ್ಯೆ ಇದು. ಆಸ್ಪತ್ರೆ ಒಂದು ಗಂಟೆಗಿಂತ ಜಾಸ್ತಿ ದೂರವಿದ್ದರೆ ಇದರ ಲೆಕ್ಕಕ್ಕೆ ಬರುತ್ತದೆ ಅಂತ ತರಬೇತಿ ಕೊಡುವವರು ಹೇಳುವುದುಂಟು. 1983ರಲ್ಲಿ ಪಾಲ್ ಆವರ್‌ಬ್ಯಾಕ್ ಮತ್ತು ಇನ್ನಿಬ್ಬರು ವೈದ್ಯರು ಸೇರಿ ವೈಲ್ಡರ್‌ನೆಸ್ ಮೆಡಿಕಲ್ ಸೊಸೈಟಿ ಕಟ್ಟಿದರು. ಅದರ ನೆರಳಲ್ಲಿ ಕಾಲೇಜು ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಗುಂಪುಗಳು ಹುಟ್ಟಿಕೊಂಡವು. ಜಾರ್ಜಿಯಾದ ಮೆಡಿಕಲ್ ಕಾಲೇಜಿನವರು ಮೆಡ್‌ವಾರ್ ಅಂತ ಒಂದು ಪಂದ್ಯವನ್ನೇ ಶುರು ಮಾಡಿದರು. ಓಡಬೇಕು, ಸೈಕಲ್ ತುಳಿಯಬೇಕು, ದೋಣಿಗೆ ಹುಟ್ಟು ಹಾಕಬೇಕು. ನಡುನಡುವೆ ಬಣ್ಣ ಬಳಿದುಕೊಂಡು ನರಳುತ್ತಾ ಬಿದ್ದಿರುವ ಸುಳ್ಳು ರೋಗಿಗಳಿಗೆ ಚಿಕಿತ್ಸೆ ಕೊಟ್ಟು ಮುಂದೆ ಹೋಗಬೇಕು. ಈ ಬಣ್ಣದ ಗಾಯಕ್ಕೆ ‘ಹುಸಿಗಾಯ’ ಅಂತ ಬರೆದುಕೊಂಡಿದ್ದೇನೆ. ಅದರಲ್ಲಿ ತಕರಾರಿಲ್ಲ ಅಂದುಕೊಂಡಿದ್ದೇನೆ.

ತಕರಾರು ಇರುವುದು ದೊಡ್ಡ ಹೆಸರಿನಲ್ಲೇ. ‘ವನ್ಯ ವೈದ್ಯಕೀಯ’ ಅಂದರೆ ಓದುವವರ ಕಣ್ಣಿಗೆ ಬರುವುದು ಆನೆಗೆ ಅರಿವಳಿಕೆ ಹೊಡೆಯುವ ಡಾಕ್ಟರು. ‘ಕಾಡುಮದ್ದು’ ಅಂದರೆ ಬೇರು, ನಾರು, ಕಷಾಯ. ‘ಅರಣ್ಯ’ ಅಂತ ಸೇರಿಸಿದ ಕೂಡಲೇ ಇಲಾಖೆಯ ವಾಸನೆ ಬರುತ್ತದೆ. ‘ಬಯಲು ವೈದ್ಯ’ ಅಂತ ಒಬ್ಬರು ಸೂಚಿಸಿದರು. ಹಳ್ಳಿ ಕಡೆ ‘ಬಯಲಿಗೆ ಹೋಗುವುದು’ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅದೂ ಅಲ್ಲದೆ, ಈ ವಿದ್ಯೆ ಕಾಡಿಗೆ ಮಾತ್ರ ಸೇರಿದ್ದಲ್ಲ. ಹಿಮದ ಬೆಟ್ಟ, ಮರಳುಗಾಡು, ನಡುಗಡಲು ಎಲ್ಲವೂ ಇದರೊಳಗೆ ಬರುತ್ತವೆ. ಇನ್ನೊಂದು ಮಾತು. ನಮ್ಮ ‘ಕಾಡು’ ಖಾಲಿ ಜಾಗ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅದು ಮನೆ. ಅಮೆರಿಕದವರ ವೈಲ್ಡರ್‌ನೆಸ್ ಹಾಗಲ್ಲ. 1964ರ ಅವರ ವೈಲ್ಡರ್‌ನೆಸ್ ಕಾಯಿದೆ ಪ್ರಕಾರ ಮನುಷ್ಯ ಅಲ್ಲಿಗೆ ಬಂದು ಹೋಗುವವನು, ಉಳಿಯುವವನಲ್ಲ.

ಹಾಗಾಗಿ ನನಗೆ ಹಿಡಿಸಿದ್ದು ‘ನಟ್ಟಡವಿ’. ನಡು ಇರುಳು ನಟ್ಟಿರುಳು ಆದ ಹಾಗೆ ನಡು ಅಡವಿ ನಟ್ಟಡವಿ. ಆದರೆ ಮಾತಿನಲ್ಲಿ ಅದಕ್ಕೆ ಅಡವಿಯೇ ಬೇಕಾಗಿಲ್ಲ. ಮೆಜೆಸ್ಟಿಕ್‌ನಲ್ಲಿ ನಿಂತುಕೊಂಡೂ ‘ನನ್ನನ್ನ ನಟ್ಟಡವಿಯಲ್ಲಿ ಕೈಬಿಟ್ಟು ಹೋದ’ ಅನ್ನುತ್ತೇವೆ, ಅಲ್ವಾ? ಅಂದರೆ ನೆರವು ಸಿಗದ ಜಾಗ. ನಮಗೆ ಬೇಕಾಗಿರುವುದೂ ಅದೇ. ‘ನಟ್ಟಡವಿ ವೈದ್ಯ ವಿದ್ಯಾರ್ಥಿ ಕೂಟ’ ಅಂದರೆ ಸ್ವಲ್ಪ ನಾಟಕದ ಕಂಪನಿಯ ಹೆಸರಿನಂತೆ ಕೇಳುತ್ತದೆ, ಒಪ್ಪುತ್ತೇನೆ. ‘ದೂರದೆಡೆಯ ಚಿಕಿತ್ಸೆ’ ಅಂತ ಬರೆದರೆ ತಪ್ಪೇನಿಲ್ಲ. ಆದರೆ ಫೋನಿನಲ್ಲಿ ಡಾಕ್ಟರು ಮದ್ದು ಹೇಳುವುದು ಅಂತ ಜನ ತಿಳಿದುಕೊಳ್ಳುತ್ತಾರೆ.

ಈ ಸಂಘಗಳಲ್ಲಿ ಹೇಳಿಕೊಡುವ ಒಂದು ಸೂತ್ರ ಕನ್ನಡಕ್ಕೆ ತುಂಬ ಚೆನ್ನಾಗಿ ಬಂತು. ಮೈಯ ಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವಾಗ ಗುರುತಿಸುವುದು ಹೇಗೆ? ಹೆಜ್ಜೆ, ಮಾತು, ಕೈ, ಸ್ವಭಾವ ನಾಲ್ಕೂ ಕೆಡುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಥರ ಮುಗಿಯುವ ನಾಲ್ಕು ಪದಗಳಿವೆ. ನಾನು ‘ನಾಲ್ಕು ತ’ ಮಾಡಿದೆ: ತೂರಾಟ, ತೊದಲು, ತಡಕಾಟ, ತಕರಾರು. ಜಾಕೆಟ್ಟಿನ ಜಿಪ್ ಎಳೆಯಲು ಬಾರದೆ ತಡಕಾಡುವವನು ‘ನನಗೇನೂ ಆಗಿಲ್ಲ ಬಿಡ್ರೋ’ ಅಂತ ರೇಗಿದರೆ ಎರಡು ತ ಒಟ್ಟಿಗೇ ಬಂದವು ಅಂತ ಅರ್ಥ. ಇದಕ್ಕಿಂತ ಚೆನ್ನಾಗಿರುವುದು ಯಾರಿಗಾದರೂ ಹೊಳೆದರೆ ತಿಳಿಸಿ.

‘ಕಟ್ಟು’ ಮಾತ್ರ ಅಪಾಯದ ಪದ. ಹಾವು ಕಡಿದಾಗ ‘ಕಟ್ಟು ಕಟ್ಟಿ’ ಅಂದರೆ ನಮ್ಮವರು ಹಗ್ಗ ತಂದು ರಕ್ತ ನಿಲ್ಲುವ ಹಾಗೆ ಬಿಗಿಯುತ್ತಾರೆ. ಅದನ್ನು ಮಾಡಲೇಬಾರದು. ಕಾಲು ಅಲುಗಾಡದಂತೆ ಆಸರೆ ಕೊಟ್ಟು, ಬೇಗ ಆಸ್ಪತ್ರೆಗೆ ಸಾಗಿಸಬೇಕು. ಪುತ್ತೂರು ಕಟ್ಟು ನೆನಪಿರುವವರಿಗೆ ಮೂಳೆ ಮುರಿತಕ್ಕೆ ‘ಕಟ್ಟು’ ಸಹಜವೇ. ಆದರೆ ಈ ಎರಡಕ್ಕೂ ಒಂದೇ ಪದ ಬೇಡ. ಆಸರೆಗೆ ‘ದಬ್ಬೆ’, ಅಂದರೆ ಸೀಳಿದ ಪಟ್ಟಿ, ಅನ್ನುವ ಪದ ಇಟ್ಟುಕೊಳ್ಳೋಣ ಅಂತ ನನ್ನ ಮತ. ‘ದಬ್ಬೆ ಕೊಟ್ಟು ಸಡಿಲವಾಗಿ ಸುತ್ತಿ’ ಅಂದರೆ ಗೊಂದಲವಿಲ್ಲ. ಬಿದಿರಿನದೋ ಅಡಿಕೆಯದೋ ಇರಲಿ, ಮಲೆನಾಡಿನವರಿಗೆ ದಬ್ಬೆ ಗೊತ್ತು. ಚಾರಣದವರು ಈಗ ಒಯ್ಯುವ ಸ್ಯಾಮ್ ಸ್ಪ್ಲಿಂಟ್ ಕೂಡ ದಬ್ಬೆಯೇ. ತೆಳು ಅಲ್ಯುಮಿನಿಯಂ ಹಾಳೆಯ ಎರಡೂ ಕಡೆ ಫೋಮ್ ಹಚ್ಚಿರುತ್ತಾರೆ. ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳಬಹುದು. ಸಪಾಟಾಗಿದ್ದಾಗ ಮೆತ್ತಗೆ, ಉದ್ದಕ್ಕೆ ದೋಣಿಯಂತೆ ಮಡಿಸಿದರೆ ಗಟ್ಟಿ. ಅದನ್ನು ಮಾಡಿದ ಸ್ಯಾಮ್ ಶೈನ್‌ಬರ್ಗ್ ಅನ್ನುವ ಸರ್ಜನ್‌ಗೆ ಈ ಉಪಾಯ ಹೊಳೆದದ್ದು ಚೂಯಿಂಗ್ ಗಮ್ಮಿನ ಕಾಗದವನ್ನು ಸುಮ್ನೆ ಬೆರಳಿಗೆ ಸುತ್ತಿಕೊಂಡಾಗ.

ಕೊನೆಗೆ ಒಂದು ಪ್ರಶ್ನೆ, ಮುಖ್ಯವಾಗಿ ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯವರಿಗೆ. ರಸ್ತೆಯಿಲ್ಲದ ಊರಿನಿಂದ ರೋಗಿಯನ್ನು ಕಂಬಳಿಯಲ್ಲಿ ಮಲಗಿಸಿ, ಗಳುವಿಗೆ ಕಟ್ಟಿ, ಇಬ್ಬರು ಹೆಗಲ ಮೇಲೆ ಹೊತ್ತು ತರುತ್ತಾರಲ್ಲ, ಪತ್ರಿಕೆಗಳು ಅದನ್ನು ಒಮ್ಮೆ ‘ಜೋಲಿ’ ಅನ್ನುತ್ತವೆ, ಒಮ್ಮೆ ‘ಜೋಳಿಗೆ’ ಅನ್ನುತ್ತವೆ. ಹೊರುವವರ ಬಾಯಲ್ಲಿ ಅದಕ್ಕೆ ಏನು ಹೆಸರು? ಈ ವಿದ್ಯಾರ್ಥಿಗಳು ಹಗ್ಗ, ಟಾರ್ಪಾಲಿನಲ್ಲಿ ಹೆಣೆದುಕೊಳ್ಳುವುದಕ್ಕೂ ಅದೇ ಹೆಸರು ಇಡಬೇಕು ಅಂತಿದ್ದೇನೆ.